ಕರೆಂಟ್ ಹೋಯ್ತು, ಎಲ್ಲಿಗೆ?

ಮಂಡ್ಯ ಕಡೆಯ ರೈತರಿಗೆ ಕರೆಂಟ್ ಅಂದರೆ ಬೋರ್‌ವೆಲ್ ಮೋಟಾರು ತಿರುಗಿಸುವಂಥದ್ದು. ಅದೇ ಮನೆಯಲ್ಲಿ ಕೆಎಎಸ್‌ಗೆ ಓದುತ್ತಿರುವ ಮಗಳಿಗೆ ಅದು ‘ಕರೆಂಟ್ ಅಫೇರ್ಸ್’. ಬೆಲ್ಲದ ವ್ಯಾಪಾರಿಗೆ ಬ್ಯಾಂಕಿನ ಕರೆಂಟ್ ಅಕೌಂಟ್.

ಎಲ್ಲದರ ಬೇರು ಒಂದೇ: ಲ್ಯಾಟಿನ್ನಿನ ‘ಕುರ್ರೆರೆ’, ಅಂದರೆ ಓಡು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಈ ಪದ ಹೊಳೆಯ ಹರಿವಿಗೂ ಅಂಟಿತು, ಸದ್ಯ ನಡೆಯುತ್ತಿರುವ ಸಂಗತಿಗೂ ಅಂಟಿತು. ನಾವು ಮೊಬೈಲಿಗೆ ಹಾಕಿಸುತ್ತಿದ್ದೆವಲ್ಲ ‘ಕರೆನ್ಸಿ’, ಅದೂ ಇದರ ಒಡಹುಟ್ಟೇ. ವಿದ್ಯುತ್ತಿಗೆ ಈ ಹೆಸರು ಬಂದದ್ದು 18ನೇ ಶತಮಾನದಲ್ಲಿ. ವಿದ್ಯುತ್ ಒಂದು ಬಗೆಯ ದ್ರವ ಎಂದು ಬೆಂಜಮಿನ್ ಫ್ರಾಂಕ್ಲಿನ್ ನಂಬಿದ್ದ ಕಾಲ ಅದು. ದ್ರವ ಅಂದಮೇಲೆ ಹರಿಯಲೇಬೇಕು, ಅಲ್ವಾ? 1897ರಲ್ಲಿ ವಿಜ್ಞಾನಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಎಂಬ ಅತಿಸೂಕ್ಷ್ಮ ಕಣವನ್ನು ಗುರುತಿಸಿದ. ದ್ರವದ ಕಥೆ ಮುಗಿಯಿತು, ಹೆಸರು ಮಾತ್ರ ಹೋಗಲಿಲ್ಲ.

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಈ ಪದದ ಎರಡು ಅರ್ಥಗಳೂ ಒಂದೇ ಕಡೆ ಸಿಗುತ್ತವೆ. ಅಲ್ಲಿ ಕಾವೇರಿಯ ಹರಿವಿನಿಂದ ಹುಟ್ಟಿದ ವಿದ್ಯುತ್ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. (ಪವರ್‌ಹೌಸ್ ಇರುವ ಜಾಗವನ್ನು ಜನ ‘ಬ್ಲಫ್’ ಅನ್ನುತ್ತಾರೆ. ಸುಳ್ಳು ಅಂತಲ್ಲ, ಇಂಗ್ಲಿಷಿನಲ್ಲಿ ಕಡಿದಾದ ದಿಣ್ಣೆಗೂ ಅದೇ ಪದ!)

‘ಹರಿವು’ ಅನ್ನುವ ಈ ಹೆಸರೇ ನಮ್ಮನ್ನು ದಾರಿ ತಪ್ಪಿಸಿರುವುದು. ಶಿವನಸಮುದ್ರದಿಂದ ಎಲೆಕ್ಟ್ರಾನುಗಳು ಓಡೋಡಿ ಬಂದು ನಮ್ಮ ಬಲ್ಬು ಹತ್ತಿಸುತ್ತವೆ ಅಂತ ಓದಿಕೊಂಡವರೂ ಹೇಳುವುದನ್ನು ಕೇಳಿದ್ದೇನೆ. ಖಂಡಿತ ಇಲ್ಲ! ತಂತಿಯ ತುಂಬ ಎಲೆಕ್ಟ್ರಾನುಗಳು ಮೊದಲೇ ಇವೆ. ವೈರಮುಡಿ ಉತ್ಸವದ ದಿನ ಕಿಕ್ಕಿರಿದ ಮೇಲುಕೋಟೆ ಬಸ್ಸು ನೆನೆಸಿಕೊಳ್ಳಿ. ಹಿಂದಿನ ಬಾಗಿಲಲ್ಲಿ ಒಬ್ಬರು ತಳ್ಳಿದರೆ ಡ್ರೈವರ್ ಪಕ್ಕ ನಿಂತವರು ಮುಗ್ಗರಿಸುತ್ತಾರೆ. ತಳ್ಳಿದವರು ಮಾತ್ರ ಒಂದು ಹೆಜ್ಜೆಯೂ ಮುಂದೆ ಬಂದಿರುವುದಿಲ್ಲ. ಕೊಳವೆ ತುಂಬ ಗೋಲಿ ತುಂಬಿ ಈ ತುದಿಯಲ್ಲಿ ಇನ್ನೊಂದು ತುರುಕಿದರೂ ಅಷ್ಟೇ, ಆ ತುದಿಯಲ್ಲಿ ಉದುರುವುದು ಬೇರೆ ಗೋಲಿ. ತಂತಿಯಲ್ಲಿ ಈ ತಳ್ಳಾಟ ಬೆಳಕಿಗೆ ಹತ್ತಿರದ ವೇಗದಲ್ಲಿ ಸಾಗುತ್ತದೆ. ಎಲೆಕ್ಟ್ರಾನುಗಳ ಸರಾಸರಿ ನಡಿಗೆಯೋ, ಬಸವನಹುಳುವಿಗಿಂತ ನಿಧಾನ.

ಮನೆಗೆ ಬರುವ ಕರೆಂಟಿನಲ್ಲಿ ಅಷ್ಟು ನಡಿಗೆಯೂ ಇಲ್ಲ. ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಇಬ್ಬರು ಹಿಡಿದು ಎಳೆಯುವ ಗರಗಸದ ಹಾಗೆ. ಗರಗಸ ಎಲ್ಲಿಗೂ ಹೋಗುವುದಿಲ್ಲ, ಆದರೂ ಮರ ಕೊಯ್ಯುತ್ತದೆ. ಎಲೆಕ್ಟ್ರಾನು ಕೂದಲೆಳೆಯಷ್ಟೂ ಸರಿಯುವುದಿಲ್ಲ, ಆದರೂ ಮೋಟಾರು ತಿರುಗುತ್ತದೆ.

ಹಾಗಾದರೆ ‘ಕರೆಂಟ್ ಹೋಯ್ತು’ ಅಂದಾಗ ಹೋಗಿದ್ದೇನು? ಎಲೆಕ್ಟ್ರಾನುಗಳೆಲ್ಲ ತಂತಿಯಲ್ಲೇ ಇವೆ. ತಳ್ಳುವವರು ಸುಮ್ನೆ ಕೈ ಬಿಟ್ಟಿದ್ದಾರೆ, ಅಷ್ಟೆ.