ರನ್‌ವೇ ಕಂಡರೂ ಇಳಿಯದಿರುವುದು ಯಾಕೆ?

ಏಪ್ರಿಲ್, ಮೇ ತಿಂಗಳ ಸಂಜೆ ದೇವನಹಳ್ಳಿ ಕಡೆ ಕಪ್ಪು ಮೋಡ ಕಟ್ಟಿತು ಅಂದರೆ ವಿಮಾನಗಳು ಆಕಾಶದಲ್ಲೇ ಸುತ್ತು ಹಾಕುತ್ತವೆ. ಕೆಲವು ಚೆನ್ನೈಗೆ ಹೋಗಿ ಇಳಿಯುತ್ತವೆ. "ರನ್‌ವೇ ಕಾಣ್ತಾ ಇತ್ತಲ್ವಾ ಕ್ಯಾಪ್ಟನ್, ಇಳಿಸಬಹುದಿತ್ತಲ್ಲ?" ಅಂತ ಪ್ರಯಾಣಿಕರು ಕೇಳುತ್ತಾರೆ. ನಾವು ಹೆದರುವುದು ಮಳೆಗಿಂತ ಜಾಸ್ತಿ, ಮೋಡದಿಂದ ಕೆಳಗೆ ಧುಮುಕುವ ಗಾಳಿಗೆ.

ಮಳೆಹನಿ ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಬೀಳುತ್ತದೆ. ಚಪ್ಪಡಿ ಮೇಲೆ ಬಿಂದಿಗೆ ನೀರು ಸುರಿದ ಹಾಗೆ ನೆಲಕ್ಕೆ ಬಡಿದು ಎಲ್ಲ ಕಡೆಗೂ ಹರಡುತ್ತದೆ. ಹರಡಿದ ಅಗಲ 4 ಕಿಲೋಮೀಟರ್ ಮೀರದಿದ್ದರೆ ಅದು ಮೈಕ್ರೋಬರ್ಸ್ಟ್. ಇದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಸಿಗುವುದು ಎದುರುಗಾಳಿ. ವೇಗದ ಮುಳ್ಳು ಏರುತ್ತದೆ, ವಿಮಾನ ಮೇಲೇಳುತ್ತದೆ. ಪೈಲಟ್‌ನ ಕೈ ತಾನಾಗಿ ಎಂಜಿನ್ ಶಕ್ತಿ ಇಳಿಸಲು ಹೋಗುತ್ತದೆ. ಮೋಸ ಇರುವುದೇ ಇಲ್ಲಿ. ಕೆಲವೇ ಸೆಕೆಂಡಿನಲ್ಲಿ ಗಾಳಿ ವಿಮಾನವನ್ನು ಕೆಳಕ್ಕೆ ಒತ್ತುತ್ತದೆ, ಆಮೇಲೆ ಹಿಂದಿನಿಂದ ಬೀಸುತ್ತದೆ. ವೇಗ ಕುಸಿಯುತ್ತದೆ. ಎಂಜಿನ್ ಮತ್ತೆ ಪೂರ್ತಿ ಶಕ್ತಿಗೆ ಬರುವಷ್ಟರಲ್ಲಿ ಎತ್ತರ ಉಳಿದಿರುವುದಿಲ್ಲ.

1975ರ ಜೂನ್ 24ರಂದು ನ್ಯೂಯಾರ್ಕ್‌ನಲ್ಲಿ ಈಸ್ಟರ್ನ್ 66 ವಿಮಾನ ಹೀಗೇ ಬಿತ್ತು. 113 ಜನ ಸತ್ತರು. ಅದಕ್ಕೂ ಮುಂಚೆ ಇಳಿದ ಒಬ್ಬ ಪೈಲಟ್ ರೇಡಿಯೋದಲ್ಲಿ ಎಚ್ಚರಿಸಿದ್ದ. ಇನ್ನೊಬ್ಬ ಇಳಿಯುವುದನ್ನೇ ಬಿಟ್ಟು ಮೇಲೇರಿದ್ದ. ಆದರೂ ಅದೇ ರನ್‌ವೇಗೆ ವಿಮಾನಗಳು ಬರುತ್ತಲೇ ಇದ್ದವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾರಣ ಹುಡುಕಿದವರು ಷಿಕಾಗೋದ ವಿಜ್ಞಾನಿ ಟೆಡ್ ಫುಜಿತಾ. ಅಣುಬಾಂಬ್ ಬಿದ್ದ ನಾಗಸಾಕಿಯಲ್ಲಿ ಮರಗಳು ಒಂದೇ ಜಾಗದಿಂದ ಸುತ್ತಲೂ ಒರಗಿದ್ದನ್ನು ಅವರು ನೋಡಿದ್ದರು. 1974ರ ಬಿರುಗಾಳಿಗಳ ನಂತರ ಅಮೆರಿಕದ ಕಾಡಿನಲ್ಲೂ ಅದೇ ಗುರುತು ಕಂಡರು. ಮೋಡದಿಂದ ಧುಮುಕುವ ಗಾಳಿಯೇ ಇದಕ್ಕೆ ಕಾರಣ ಎಂಬ ಅವರ ಮಾತನ್ನು ಹಲವು ಹವಾಮಾನ ತಜ್ಞರು ನಂಬಲಿಲ್ಲ. 1978ರಲ್ಲಿ ಷಿಕಾಗೋ ಬಳಿ, 1982ರಲ್ಲಿ ಡೆನ್ವರ್‌ನಲ್ಲಿ ಗಾಳಿಯ ಚಲನೆ ಅಳೆಯುವ ಡಾಪ್ಲರ್ ರಾಡಾರ್ ಇಟ್ಟು ನೋಡಿದ ಮೇಲೆ ವಾದ ಮುಗಿಯಿತು. ಅಷ್ಟಾದರೂ 1985ರಲ್ಲಿ ಡಲ್ಲಾಸ್‌ನಲ್ಲಿ ಡೆಲ್ಟಾ 191 ಬಿದ್ದು 137 ಜನ ಹೋದರು. ಆಮೇಲೆ ಪೈಲಟ್ ತರಬೇತಿ ಬದಲಾಯಿತು. ವಿಮಾನದಲ್ಲಿ ಎಚ್ಚರಿಕೆ ಸಾಧನ ಇರಲೇಬೇಕು ಅಂತ 1988ರಲ್ಲಿ ಅಮೆರಿಕ ನಿಯಮ ಮಾಡಿತು.

ಈಗ ವಿಮಾನದ ಮೂತಿಯಲ್ಲಿರುವ ರಾಡಾರ್ ಮುಂದಿನ ಮಳೆಹನಿಗಳ ಚಲನೆ ಅಳೆಯುತ್ತದೆ. ಒಂದು ಕಡೆ ಹನಿಗಳು ನಮ್ಮತ್ತ, ಅದರಾಚೆ ನಮ್ಮಿಂದ ದೂರಕ್ಕೆ ಓಡುತ್ತಿದ್ದರೆ ಕೂಗಿ ಹೇಳುತ್ತದೆ. ಇಳಿಯುವಾಗ ಆ ಕೂಗು ಕೇಳಿದರೆ ಚರ್ಚೆ ಇಲ್ಲ, ಮೇಲೇರುವುದೇ. ಅಕಸ್ಮಾತ್ ಒಳಗೆ ಸಿಕ್ಕಿಕೊಂಡರೆ ಪೂರ್ತಿ ಶಕ್ತಿ ಕೊಡಬೇಕು, ಚಕ್ರ, ರೆಕ್ಕೆ ಹಿಂಬದಿಯ ಫ್ಲ್ಯಾಪ್ (ಬಗ್ಗಿಸಬಹುದಾದ ಪಟ್ಟಿ) ಮುಟ್ಟಬಾರದು. ಚಕ್ರ ಮಡಚಲು ಬಾಗಿಲು ತೆರೆದರೆ ಗಾಳಿಯ ತಡೆ ಇನ್ನೂ ಜಾಸ್ತಿಯಾಗುತ್ತದೆ.

ಮೈಕ್ರೋಬರ್ಸ್ಟ್ ಸಾಮಾನ್ಯವಾಗಿ 15 ನಿಮಿಷದೊಳಗೆ ಮುಗಿಯುತ್ತದೆ. ಆದರೆ ಪಕ್ಕದಲ್ಲೇ ಇನ್ನೊಂದು ಹುಟ್ಟಬಹುದು. ಹಾಗಾಗಿ ಬೇಸಿಗೆ ಸಂಜೆ ಬೆಂಗಳೂರಿಗೆ ಹೊರಡುವಾಗ, ಸುತ್ತು ಹಾಕಿ ಆಮೇಲೆ ಚೆನ್ನೈ ತಲುಪುವಷ್ಟು ಇಂಧನ ಮೊದಲೇ ತುಂಬಿಸಿಕೊಂಡಿರುತ್ತೇವೆ.