ಮಯಾಮಿಗೆ ಬಂದಿಳಿದ ಒಂದೂಕಾಲು ಲಕ್ಷ ಜನ

1980ರ ಏಪ್ರಿಲ್ 1ರಂದು ಕ್ಯೂಬಾದ ಹವಾನಾ ನಗರದಲ್ಲಿ ಒಂದು ಬಸ್ ಪೆರು ದೇಶದ ರಾಯಭಾರ ಕಚೇರಿಯ ಬೇಲಿ ಮುರಿದು ಒಳನುಗ್ಗಿತು. ಅದರಲ್ಲಿದ್ದವರಿಗೆ ಹೇಗಾದರೂ ದೇಶ ಬಿಡಬೇಕಿತ್ತು. ಸಿಟ್ಟಿಗೆದ್ದ ಫಿಡೆಲ್ ಕ್ಯಾಸ್ಟ್ರೊ ಕಚೇರಿಯ ಕಾವಲನ್ನೇ ತೆಗೆಸಿದರು. ನೋಡನೋಡುತ್ತಲೇ ಆ ಆವರಣದಲ್ಲಿ ಹತ್ತು ಸಾವಿರ ಜನ ಕಿಕ್ಕಿರಿದರು. ಕೊನೆಗೆ, ಹೋಗುವವರು ಮರಿಯೆಲ್ ಬಂದರಿನಿಂದ ಹೋಗಬಹುದೆಂದು ಸರ್ಕಾರ ಸಾರಿತು. ಫ್ಲೋರಿಡಾದಲ್ಲಿದ್ದ ನೆಂಟರು ಸಿಗಡಿ ಹಿಡಿಯುವ ದೋಣಿಗಳನ್ನೂ ಬಿಡದೆ ಸಿಕ್ಕಿದ್ದನ್ನೆಲ್ಲ ಬಾಡಿಗೆಗೆ ಹಿಡಿದು ಹೊರಟರು. ಕೆಲವೇ ತಿಂಗಳಲ್ಲಿ ಸುಮಾರು 1,25,000 ಜನ ಅಮೆರಿಕ ತಲುಪಿದರು; ಅರ್ಧದಷ್ಟು ಮಂದಿ ಮಯಾಮಿಯಲ್ಲೇ ಉಳಿದರು. ಊರಿನ ದುಡಿಯುವ ಕೈಗಳು ಒಮ್ಮೆಲೇ ಶೇ 7ರಷ್ಟು ಹೆಚ್ಚಾದವು. ಬಂದವರಲ್ಲಿ ಬಹುಪಾಲು ಜನ ಪ್ರೌಢಶಾಲೆ ಮುಗಿಸಿದವರಲ್ಲ.

ಇಂಥದ್ದೊಂದು ಘಟನೆಗೆ ಅರ್ಥಶಾಸ್ತ್ರಜ್ಞರು ಕಾದಿರುತ್ತಾರೆ. ಸಾಮಾನ್ಯವಾಗಿ ವಲಸಿಗರು ಕೆಲಸ ಹೆಚ್ಚಿರುವ ಊರನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಅಲ್ಲಿನ ಕೂಲಿ ಏರಿದರೂ ಇಳಿದರೂ ಅದಕ್ಕೆ ವಲಸೆ ಕಾರಣವೋ, ಊರಿನ ಅದೃಷ್ಟ ಕಾರಣವೋ ತಿಳಿಯುವುದಿಲ್ಲ. ಮರಿಯೆಲ್ ಬಂದರು ತೆರೆದದ್ದಕ್ಕೂ ಮಯಾಮಿಯ ಕೂಲಿ ದರಕ್ಕೂ ಸಂಬಂಧವೇ ಇರಲಿಲ್ಲ. ಕ್ಯಾಸ್ಟ್ರೊ ತಮಗೆ ಗೊತ್ತಿಲ್ಲದೆಯೇ ಒಂದು ಪ್ರಯೋಗ ಏರ್ಪಡಿಸಿಕೊಟ್ಟಿದ್ದರು.

ಅದನ್ನು ಬಳಸಿಕೊಂಡವರು ಕೆನಡಾ ಮೂಲದ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್. ಮಯಾಮಿಯನ್ನು ಅದರ ಹಿಂದಿನ ವರ್ಷಗಳೊಂದಿಗೆ ಮಾತ್ರ ಹೋಲಿಸಿದ್ದರೆ ಅವರು ಎಡವುತ್ತಿದ್ದರು, ಏಕೆಂದರೆ 1982ರ ಹೊತ್ತಿಗೆ ಇಡೀ ಅಮೆರಿಕವೇ ಆರ್ಥಿಕ ಹಿಂಜರಿತದಲ್ಲಿತ್ತು. ಅವರು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್ ಮತ್ತು ಟ್ಯಾಂಪಾಗಳನ್ನು ಹೋಲಿಕೆಗೆ ಪಕ್ಕದಲ್ಲಿಟ್ಟುಕೊಂಡು ಕೇಳಿದ ಪ್ರಶ್ನೆ ಇಷ್ಟೇ: ದೋಣಿಗಳು ಬರದೇ ಹೋಗಿದ್ದರೆ ಮಯಾಮಿ ಹೇಗಿರುತ್ತಿತ್ತು? 1990ರಲ್ಲಿ ಪ್ರಕಟವಾದ ಉತ್ತರ ಹಲವರನ್ನು ತಬ್ಬಿಬ್ಬುಗೊಳಿಸಿತು. ಕಡಿಮೆ ಓದಿದವರ ಕೂಲಿಯಾಗಲಿ ಉದ್ಯೋಗವಾಗಲಿ ಕುಸಿದಿರಲಿಲ್ಲ. ಹೊಸಬರೊಡನೆ ನೇರ ಪೈಪೋಟಿಗೆ ಬೀಳಬೇಕಿದ್ದ ಹಳೆಯ ಕ್ಯೂಬನ್ನರಿಗೂ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ.

ಹತ್ತು ಜನರ ಅಡುಗೆಗೆ ಹನ್ನೊಂದನೆಯವನು ಬಂದರೆ ಎಲ್ಲರ ಎಲೆಯಲ್ಲೂ ಅನ್ನ ಕಡಿಮೆಯಾಗುತ್ತದೆ ಎಂಬುದು ನಮ್ಮ ಸಹಜ ಲೆಕ್ಕ. ಆದರೆ ಬಂದವನು ಅಡುಗೆಗೂ ಕೈ ಹಚ್ಚುತ್ತಾನೆ. ಬಂದವರು ಮನೆ ಬಾಡಿಗೆ ಕೊಟ್ಟರು, ಅಂಗಡಿಗಳಲ್ಲಿ ಸಾಮಾನು ಕೊಂಡರು. ಹಿಂದಿನ ವಲಸಿಗರನ್ನು ನೆಚ್ಚಿ ಬೆಳೆದಿದ್ದ ಸಿದ್ಧ ಉಡುಪಿನಂಥ ಉದ್ಯಮಗಳು ಮಯಾಮಿಯಲ್ಲಿ ಮೊದಲೇ ಇದ್ದವು. ಬೇರೆ ಕಡೆಯಿಂದ ಅಲ್ಲಿಗೆ ಬರಬಹುದಾಗಿದ್ದ ಕೆಲವರು ಬರುವುದನ್ನು ನಿಲ್ಲಿಸಿದರು. ಇನ್ನೊಂದು ವಿವರಣೆ ನನಗೆ ಹೆಚ್ಚು ಕುತೂಹಲಕರ ಎನಿಸುತ್ತದೆ. ಅಗ್ಗದ ಕೈಗಳು ಸಿಕ್ಕ ಮಯಾಮಿಯ ಸಂಸ್ಥೆಗಳು ಕಂಪ್ಯೂಟರುಗಳನ್ನು ಇತರ ಊರುಗಳಿಗಿಂತ ನಿಧಾನವಾಗಿ ಅಳವಡಿಸಿಕೊಂಡವು ಎಂದು ಅರ್ಥಶಾಸ್ತ್ರಜ್ಞ ಎಥನ್ ಲೂಯಿಸ್ ಆಮೇಲೆ ತೋರಿಸಿದರು.

ಜಗಳ ಮುಗಿಯಲಿಲ್ಲ. ಹವಾನಾದಲ್ಲೇ ಹುಟ್ಟಿ, 1962ರಲ್ಲಿ ಬಾಲಕನಾಗಿ ಅಮೆರಿಕಕ್ಕೆ ಬಂದ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್, 2015ರಲ್ಲಿ ಹಳೆಯ ಅಂಕಿಅಂಶಗಳನ್ನು ಮತ್ತೆ ಕೆದಕಿದರು. ಪ್ರೌಢಶಾಲೆ ಮುಗಿಸದ, ಹಿಸ್ಪಾನಿಕರಲ್ಲದ (ಎಂದರೆ ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರಲ್ಲದ) ಗಂಡಸರನ್ನಷ್ಟೇ ನೋಡಿದರೆ ಕೂಲಿ ಶೇ 10ರಿಂದ 30ರವರೆಗೆ ಕುಸಿದಿತ್ತು ಎಂದರು. ಟೀಕಾಕಾರರು ಒಡನೆಯೇ ಹೇಳಿದರು: ಇಷ್ಟು ಸೋಸಿದ ಮೇಲೆ ಈ ಅಂಕಿಅಂಶಗಳಿಗೆ ಆಧಾರವಾದ ಸರ್ಕಾರಿ ಸಮೀಕ್ಷೆಯಲ್ಲಿ ಮಯಾಮಿಯ ಪಾಲಿಗೆ ಉಳಿಯುವುದು ವರ್ಷಕ್ಕೆ ಇಪ್ಪತ್ತರ ಆಸುಪಾಸಿನಷ್ಟು ಗಂಡಸರು! ಮೈಕೆಲ್ ಕ್ಲೆಮೆನ್ಸ್ ಮತ್ತು ಜೆನಿಫರ್ ಹಂಟ್ ಇನ್ನೂ ಆಳಕ್ಕಿಳಿದರು. ಸರಿಯಾಗಿ ಅದೇ ಸಮಯದಲ್ಲಿ ಸಮೀಕ್ಷೆಯೊಳಗೆ ಕಪ್ಪು ಜನಾಂಗದ ಗಂಡಸರ ಪ್ರಮಾಣ ಹೆಚ್ಚಿತ್ತು. ಅವರಿಗೆ ಮೊದಲಿನಿಂದಲೂ ಕೂಲಿ ಕಡಿಮೆ. ಯಾರ ಕೂಲಿಯೂ ಇಳಿಯದೆ ಸರಾಸರಿ ಮಾತ್ರ ಇಳಿಯಲು ಅಷ್ಟು ಸಾಕು.

ಹಾಗೆಂದು ಕಾರ್ಡ್ ವಿಧಾನ ಪ್ರಶ್ನಾತೀತವೂ ಅಲ್ಲ. 1994ರ ಬೇಸಿಗೆಯಲ್ಲಿ ಮತ್ತೆ ಸಾವಿರಾರು ಕ್ಯೂಬನ್ನರು ಸಮುದ್ರಕ್ಕಿಳಿದಾಗ ಕ್ಲಿಂಟನ್ ಸರ್ಕಾರ ಅವರನ್ನು ತಡೆದು ಕ್ಯೂಬಾದಲ್ಲೇ ಇರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೊಗೆ ಸಾಗಿಸಿತು. ಮಯಾಮಿಗೆ ಜನಪ್ರವಾಹ ಬರಲೇ ಇಲ್ಲ. ಜೋಶುವಾ ಆಂಗ್ರಿಸ್ಟ್ ಮತ್ತು ಅಲನ್ ಕ್ರೂಗರ್ ಕೀಟಲೆಗೋ ಎಂಬಂತೆ ಆ ವರ್ಷಕ್ಕೂ ಅದೇ ಲೆಕ್ಕ ಹಾಕಿದರು. ಬಾರದ ವಲಸಿಗರು ಮಯಾಮಿಯ ಕಪ್ಪು ಜನರ ನಿರುದ್ಯೋಗವನ್ನು ಹೆಚ್ಚಿಸಿದಂತೆ ಕಂಡಿತು! ಒಂದು ಊರು, ನಾಲ್ಕು ಹೋಲಿಕೆಗಳು. ನಡುವೆ ಬೇರೆ ಏನು ಬೇಕಾದರೂ ನುಸುಳಬಹುದು. 2021ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಕಾರ್ಡ್ ಅವರಿಗೆ ಬಂತು, ಉಳಿದರ್ಧವನ್ನು ಹಂಚಿಕೊಂಡವರಲ್ಲಿ ಇದೇ ಆಂಗ್ರಿಸ್ಟ್ ಒಬ್ಬರು.

ಆದ್ದರಿಂದ ಉಲ್ಟಾ ಪ್ರಯೋಗವನ್ನೂ ನೋಡಬೇಕು. 1964ರ ಕೊನೆಗೆ ಅಮೆರಿಕ, ಸ್ಥಳೀಯರ ಕೂಲಿ ಹೆಚ್ಚಲಿ ಎಂದು, ಬ್ರಸೆರೊ ಯೋಜನೆಯಡಿ ಬರುತ್ತಿದ್ದ ಮೆಕ್ಸಿಕೊದ ಹೊಲಗೆಲಸದವರನ್ನು ತಡೆಯಿತು. ಆ ಕೆಲಸಗಾರರನ್ನು ನೆಚ್ಚಿದ್ದ ರಾಜ್ಯಗಳಲ್ಲಿ ಕೂಲಿ, ಅವರೇ ಇಲ್ಲದ ರಾಜ್ಯಗಳಿಗಿಂತ ಹೆಚ್ಚೇನೂ ಏರಲಿಲ್ಲ ಎಂದು ಕ್ಲೆಮೆನ್ಸ್, ಲೂಯಿಸ್ ಮತ್ತು ಹ್ಯಾನಾ ಪೋಸ್ಟೆಲ್ ಲೆಕ್ಕ ಹಾಕಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವಿಜ್ಞಾನಿಗಳು ಅದಾಗಲೇ ಗಟ್ಟಿ ಸಿಪ್ಪೆಯ, ಒಟ್ಟಿಗೇ ಹಣ್ಣಾಗುವ ಟೊಮೆಟೊ ತಳಿಯನ್ನೂ ಅದನ್ನು ಕೊಯ್ಯುವ ಯಂತ್ರವನ್ನೂ ರೂಪಿಸಿದ್ದರು. ಕೈಗಳು ಸಿಗದಾದಾಗ ರೈತರು ಹೆಚ್ಚಿನ ಕೂಲಿ ಕೊಟ್ಟು ಊರಿನವರನ್ನು ಕರೆಯಲಿಲ್ಲ, ಆ ಯಂತ್ರಗಳನ್ನು ಕೊಂಡರು.