ಆಪರೇಷನ್ ಆದ ಮೇಲೂ ಅಮ್ಮನ ತಲೆಗೆ ವೈರ್ ಯಾಕೆ?

ಪ್ರಶ್ನೆ: ಮೆದುಳಿನ ರಕ್ತನಾಳ ಊದಿ, ಒಡೆದು ಅಮ್ಮನಿಗೆ ರಕ್ತಸ್ರಾವ ಆಗಿತ್ತು. ಆಪರೇಷನ್ ಚೆನ್ನಾಗಿ ಆಯಿತು ಅಂದರು. ಇನ್ನೂ ಎಚ್ಚರ ಬಂದಿಲ್ಲ. ಐಸಿಯುನಲ್ಲಿ ಐದು ದಿನದಿಂದ ತಲೆ ತುಂಬ ವೈರ್ ಅಂಟಿಸಿದ್ದಾರೆ. ಕರೆಂಟ್ ಕೊಡ್ತಿದ್ದಾರಾ?

ಉತ್ತರ: ಇಲ್ಲ, ಮೊದಲು ಆ ಭಯ ಬಿಡಿ. ವೈರ್‌ನಿಂದ ತಲೆಯೊಳಗೆ ಏನೂ ಹೋಗುವುದಿಲ್ಲ. ಮೆದುಳು ತಾನೇ ಹುಟ್ಟಿಸುವ ಸಣ್ಣ ವಿದ್ಯುತ್ತನ್ನು ಅದು ಹಿಡಿದು, ಪರದೆ ಮೇಲೆ ಅಲೆಯಾಗಿ ತೋರಿಸುತ್ತದೆ. ಇದೇ ಇಇಜಿ. ನಿಮ್ಮ ಅಮ್ಮನಿಗೆ ಅದನ್ನು ಹಗಲೂ ರಾತ್ರಿ ಬಿಡದೆ ನೋಡುತ್ತಿದ್ದಾರೆ, ಅಷ್ಟೇ.

ಯಾಕೆ ಅಂದರೆ, ಆಪರೇಷನ್ ಒಡೆದ ಜಾಗವನ್ನು ಮುಚ್ಚುತ್ತದೆ, ಆದರೆ ಚೆಲ್ಲಿದ ರಕ್ತ ಮೆದುಳಿನ ಸುತ್ತ ಉಳಿದೇ ಇರುತ್ತದೆ. ಅದು ಕರಗುತ್ತಾ ಅಕ್ಕಪಕ್ಕದ ರಕ್ತನಾಳಗಳನ್ನು ಕೆರಳಿಸುತ್ತದೆ. ಅವು ಬಿಗಿದುಕೊಂಡರೆ ಮೆದುಳಿನ ಯಾವುದೋ ಭಾಗಕ್ಕೆ ರಕ್ತ ಸಾಲುವುದಿಲ್ಲ. ಸುಮಾರು 100ರಲ್ಲಿ 30 ಜನರಿಗೆ ಹೀಗಾಗುತ್ತದೆ, ಹೆಚ್ಚಾಗಿ ರಕ್ತಸ್ರಾವವಾದ 4ರಿಂದ 14ನೇ ದಿನದೊಳಗೆ. ಇದನ್ನು ತಡೆಯಲೆಂದೇ ಸಾಮಾನ್ಯವಾಗಿ 21 ದಿನ ನಿಮೋಡಿಪಿನ್ ಮಾತ್ರೆ ಕೊಡುತ್ತಾರೆ.

ಎಚ್ಚರ ಇದ್ದವರಾದರೆ ಮಾತು ತೊದಲುತ್ತದೆ, ಕೈ ಸೋಲುತ್ತದೆ, ಗೊತ್ತಾಗುತ್ತದೆ. ಎಚ್ಚರವೇ ಇಲ್ಲದವರಲ್ಲಿ ಹೇಗೆ ಗೊತ್ತಾಗಬೇಕು? ಸಿಟಿ ಸ್ಕ್ಯಾನ್ ಆ ಹೊತ್ತಿನ ಫೋಟೋ ಮಾತ್ರ. ಇಇಜಿಯ ಬೆಲೆ ಇಲ್ಲೇ ಇರುವುದು. ರಕ್ತ ಕಮ್ಮಿಯಾದ ಜೀವಕೋಶ ಕೂಡಲೇ ಸಾಯುವುದಿಲ್ಲ, ಮೊದಲು ಮಂಕಾಗುತ್ತದೆ. ಸೆಕೆಂಡಿಗೆ 8ರಿಂದ 13 ಸಲ ಏಳುವ ಆಲ್ಫಾ ಅಲೆ ಸೊರಗಿ, 4ಕ್ಕಿಂತ ಕಮ್ಮಿ ಏಳುವ ಡೆಲ್ಟಾ ಜಾಸ್ತಿಯಾಗುತ್ತದೆ. ಕೆಲವರಲ್ಲಿ ಈ ಬದಲಾವಣೆ ಹೊರಗಿನ ಲಕ್ಷಣಕ್ಕಿಂತ ಗಂಟೆಗಟ್ಟಲೆ, ಒಮ್ಮೊಮ್ಮೆ ಒಂದೆರಡು ದಿನ ಮೊದಲೇ ಕಾಣುತ್ತದೆ. ಆಗ ಬಿಪಿ ಏರಿಸಿ, ಇಲ್ಲವೇ ಆಂಜಿಯೋಗ್ರಾಂ ಮಾಡಿ ನಾಳವನ್ನು ಸಡಿಲಿಸಿ, ಆ ಭಾಗವನ್ನು ಉಳಿಸಿಕೊಳ್ಳಲು ಸಮಯ ಸಿಗುತ್ತದೆ.

ಕೈಕಾಲು ಅದುರದೆ ಒಳಗೊಳಗೇ ಬರುವ ಫಿಟ್ಸ್ ಕೂಡ ಇದರಲ್ಲೇ ಸಿಕ್ಕಿಬೀಳುತ್ತದೆ. ಅದನ್ನು ಕಣ್ಣಿನಿಂದ ಕಂಡುಹಿಡಿಯುವುದು ತುಂಬ ಕಷ್ಟ.

ಹಾಗಂತ ಇಇಜಿ ಒಂದನ್ನೇ ನಂಬುವಂತಿಲ್ಲ. ನಿದ್ದೆ ಬರಿಸುವ ಔಷಧಿಯೂ ಅಲೆಗಳನ್ನು ನಿಧಾನ ಮಾಡುತ್ತದೆ. ಅದಕ್ಕೇ ನಾಳದಲ್ಲಿ ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಪರೀಕ್ಷೆ, ಸ್ಕ್ಯಾನ್‌ಗಳನ್ನೂ ಜೊತೆಗಿಟ್ಟು ನೋಡುತ್ತಾರೆ.

ನೀವು ಪರದೆ ನೋಡುತ್ತಾ ಗಾಬರಿಯಾಗಬೇಡಿ. ನರ್ಸ್ ಮಗ್ಗುಲು ಬದಲಿಸಿದರೂ ಗೆರೆ ಜಿಗಿಯುತ್ತದೆ. ಅಮ್ಮನ ಕೈ ಹಿಡಿದುಕೊಳ್ಳಿ, ಮಾತಾಡಿಸಿ, ವೈರ್ ಎಳೆಯದಂತೆ ನೋಡಿಕೊಂಡರೆ ಸಾಕು. ಡಾಕ್ಟರ್ ಬಂದಾಗ ಎರಡು ಮಾತು ಕೇಳಿ: ಇವತ್ತಿಗೆ ಎಷ್ಟನೇ ದಿನ? ನಿನ್ನೆಗಿಂತ ಅಲೆ ಬದಲಾಗಿದೆಯಾ?